ತಿರುಳ್ಗನ್ನಡದ ನಾಡು ಬೆಳ್ಳಿತೆರೆಗೆ ಬಂದ ಬಗೆ

ಹತ್ತನೆಯ ಶತಮಾನದಲ್ಲಿ ಪಂಪಕವಿಯು ತನ್ನ ಭಾರತಕಾವ್ಯವನ್ನು ರಚಿಸಿದಾಗ, ತಾನು ಬಳಸಿದ್ದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಆ ಪುಲಿಗೆರೆಯೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಸೋಮೇಶ್ವರನ ಗುಡಿ, ಜೈನರ ಶಂಖಬಸದಿ, ಆದಿಲಶಾಹಿ ಕಾಲದ ಮಸೀದಿ ಇವೆಲ್ಲವನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಿರುವ ಊರು ಇದು. ಸಾವಿರ ವರ್ಷಗಳ ಹಿಂದೆ ಮಹಾಕಾವ್ಯಕ್ಕೆ ಯೋಗ್ಯವೆನಿಸಿದ ಈ ಸೀಮೆಯ ನುಡಿಗೆ, ನಮ್ಮ ಚಲನಚಿತ್ರಗಳಲ್ಲಿ ಯಾವ ಸ್ಥಾನ ದೊರೆಯಿತು? ಇಲ್ಲಿಯ ಜನರ ಕಷ್ಟಸುಖ ಬೆಳ್ಳಿತೆರೆಯನ್ನು ಏರಿದ್ದು ಯಾವಾಗ? ಕನ್ನಡದ ಸಾಮಾಜಿಕ ಚಿತ್ರಗಳ ಚರಿತ್ರೆಯನ್ನು ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಸ್ವಾರಸ್ಯವಾದ ಸಂಗತಿಗಳು ಗೋಚರಿಸುತ್ತವೆ.

ನಾಟಕ ಇತ್ತು, ಚಿತ್ರ ಇರಲಿಲ್ಲ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅದು ಪೌರಾಣಿಕ ಕಥೆ. ಎರಡೇ ವರ್ಷಗಳ ನಂತರ, 1936ರಲ್ಲಿ, ಎಚ್. ಎಲ್. ಎನ್. ಸಿಂಹ ಅವರು ‘ಸಂಸಾರ ನೌಕೆ’ಯನ್ನು ನಿರ್ದೇಶಿಸಿದರು. ದೇವದಾನವರನ್ನು ಬಿಟ್ಟು, ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾದ ತರುಣನೊಬ್ಬನ ಬವಣೆಯನ್ನು ಹೇಳಿದ ಈ ಚಿತ್ರವೇ ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಹೆಸರಾಯಿತು. ಬಿ. ಆರ್. ಪಂತುಲು ಮತ್ತು ಎಂ. ವಿ. ರಾಜಮ್ಮ ಇದರಲ್ಲಿ ಅಭಿನಯಿಸಿದರು. ರಂಗಭೂಮಿಯ ಮೇಲೆ ಯಶಸ್ವಿಯಾಗಿದ್ದ ನಾಟಕವೇ ಇಲ್ಲಿ ಚಿತ್ರವಾಗಿತ್ತು. ಚಿತ್ರ ತಯಾರಾದದ್ದು ಮದರಾಸಿನಲ್ಲಿ. ಆಡಿದ ಭಾಷೆ ಮೈಸೂರು ಕಡೆಯ ರಂಗಭಾಷೆ.

ಹಾಗೆಂದು ಗದುಗಿನ ಸೀಮೆಯಲ್ಲಿ ನಾಟಕಕ್ಕೆ ಬರವಿತ್ತೇ? ಖಂಡಿತ ಇಲ್ಲ. ಲಕ್ಷ್ಮೇಶ್ವರದ ನೆರೆಯ ಶಿರಹಟ್ಟಿಯ ವೆಂಕೋಬರಾಯರ ಕಂಪನಿ ನಾಡಿನಲ್ಲೆಲ್ಲ ಹೆಸರು ಮಾಡಿತ್ತು. ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಿತ್ತು. ನಟರಿದ್ದರು, ಗಾಯಕರಿದ್ದರು, ರಾತ್ರಿಯೆಲ್ಲ ಕುಳಿತು ನೋಡುವ ರಸಿಕರೂ ಇದ್ದರು. ಇಲ್ಲದಿದ್ದದ್ದು ಕನ್ನಡ ಚಿತ್ರ ತಯಾರಿಸುವ ನೆಲೆ ಮಾತ್ರ. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಗದಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹೀಗೆ ಹರಿದು ಹಂಚಿಹೋಗಿದ್ದ ನಾಡಿಗೆ ಹತ್ತಿರವಾಗಿದ್ದ ಸ್ಟುಡಿಯೋಗಳು ಪುಣೆ, ಕೊಲ್ಲಾಪುರಗಳವು. ಅಲ್ಲಿ ನಡೆಯುತ್ತಿದ್ದುದು ಮರಾಠಿ, ಹಿಂದಿಗಳ ವ್ಯವಹಾರ.

ಇದರ ಪರಿಣಾಮಕ್ಕೆ ಒಬ್ಬ ಕಲಾವಿದೆಯ ಬಾಳೇ ನಿದರ್ಶನ. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ 1914ರಲ್ಲಿ ಜನಿಸಿದ ರಾಜಮ್ಮ ಎಂಬ ಬಾಲಕಿ, ನಾಟಕ ಕಂಪನಿ ಸೇರಿ, ಮುಂದೆ ಶಾಂತಾ ಹುಬ್ಳೀಕರ್ ಆದರು. ಪ್ರಭಾತ್ ಸಂಸ್ಥೆಗಾಗಿ ವಿ. ಶಾಂತಾರಾಂ ಅವರು 1939ರಲ್ಲಿ ನಿರ್ದೇಶಿಸಿದ ‘ಮಾಣೂಸ್’ ಚಿತ್ರದಲ್ಲಿ ವೇಶ್ಯಾವಾಟಿಕೆಯ ಮೈನಾಳಾಗಿ ಅವರು ತೋರಿದ ಅಭಿನಯವನ್ನು ಮಹಾರಾಷ್ಟ್ರ ಇಂದಿಗೂ ನೆನೆಯುತ್ತದೆ. ಸಮಾಜದ ಕಣ್ಣು ತೆರೆಸಿದ ಆ ಪಾತ್ರ ನಮ್ಮ ಸೀಮೆಯ ಹೆಣ್ಣುಮಗಳದು. ಆದರೆ ಅದರ ಮಾತು ಕನ್ನಡವಲ್ಲ. 1942ರ ‘ಜೀವನ ನಾಟಕ’ದಲ್ಲಿ ಅವರು ಕನ್ನಡದಲ್ಲಿ ಅಭಿನಯಿಸಿದರಾದರೂ, ಅವರ ಕೀರ್ತಿಯೆಲ್ಲ ಕೃಷ್ಣೆಯ ಆಚೆಗೇ ಉಳಿಯಿತು.

ಮಲೆನಾಡು, ಕರಾವಳಿ, ಬಯಲುಸೀಮೆ

ಏಕೀಕರಣವಾದ ಮೇಲೆ ಕನ್ನಡ ಚಿತ್ರರಂಗ ಗಟ್ಟಿಯಾಯಿತು. 1964ರಲ್ಲಿ ಎನ್. ಲಕ್ಷ್ಮೀನಾರಾಯಣರು ಕಿವುಡುಮೂಗರ ಬಾಳನ್ನು ಕುರಿತ ‘ನಾಂದಿ’ಯನ್ನು ಕೊಟ್ಟರು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಈ ಮೂರೂ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ತಂದವು. ಜಾತಿಯ ಕಟ್ಟು, ಒಕ್ಕಲಿನ ದೈನ್ಯ, ವಿಧವೆಯ ಗೋಳು ಇವುಗಳನ್ನು ಅವು ಎತ್ತಿದ ರೀತಿ ಅಸಾಮಾನ್ಯವಾದುದು. ಆದರೆ ಗಮನಿಸಿ: ಇವುಗಳ ನೆಲ ಮಲೆನಾಡು ಅಥವಾ ಕರಾವಳಿ. ಎರೆಹೊಲ, ಜೋಳದ ರೊಟ್ಟಿ, ಸುಡುಬಿಸಿಲುಗಳ ಬಯಲುಸೀಮೆಯ ಮಾತು ಚಿತ್ರಗಳಲ್ಲಿ ಬಹುಕಾಲ ಹೆಚ್ಚಾಗಿ ನಗಿಸುವುದಕ್ಕೇ ಬಳಕೆಯಾಯಿತು.

ಬಯಲಿನ ಬವಣೆ ತೆರೆಗೆ ಬಂದಿತು, ನಿಜ. 1982ರಲ್ಲಿ ಎಂ. ಎಸ್. ಸತ್ಯು ಅವರು ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ‘ಬರ’ವನ್ನು ತೆಗೆದರು. ಬರಗಾಲವನ್ನು ರಾಜಕಾರಣವೂ ದಾಸ್ತಾನುಕೋರರೂ ಹೇಗೆ ಬಳಸಿಕೊಳ್ಳುತ್ತಾರೆಂಬುದನ್ನು ಅದು ನಿರ್ದಾಕ್ಷಿಣ್ಯವಾಗಿ ತೋರಿಸಿತು. ಆದರೂ ಅದರ ಕಥಾನಾಯಕ ಹೊರಗಿನಿಂದ ಬಂದ ಜಿಲ್ಲಾಧಿಕಾರಿ. ಅನಂತನಾಗ್ ನಿರ್ವಹಿಸಿದ ಪಾತ್ರ ಅದು. ಹಸಿದವರನ್ನು ನಾವು ಕಂಡದ್ದು ಅಧಿಕಾರಿಯ ಕಣ್ಣಿನಿಂದ. ಅವನ ಮರುಕ ಪ್ರಾಮಾಣಿಕವಾದುದೇ. ಆದರೆ ಹಸಿದವನು ತಾನೇ ತನ್ನ ಕಥೆಯನ್ನು ಹೇಳುವುದು ಬೇರೆಯೇ ಸಂಗತಿಯಲ್ಲವೆ?

ಷರೀಫರ ಹಾಡು

ಆ ಕೊರತೆ ಸ್ವಲ್ಪ ಮಟ್ಟಿಗೆ ತುಂಬಿದ್ದು 1990ರಲ್ಲಿ, ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂದಾಗ. ಶಿಶುನಾಳ ಲಕ್ಷ್ಮೇಶ್ವರಕ್ಕೆ ದೂರದ ಊರಲ್ಲ. 1819ರಲ್ಲಿ ಅಲ್ಲಿ ಹುಟ್ಟಿದ ಮುಸಲ್ಮಾನ ಬಾಲಕನನ್ನು ಕಳಸದ ಗೋವಿಂದಭಟ್ಟರು ಶಿಷ್ಯನನ್ನಾಗಿ ಸ್ವೀಕರಿಸಿದರು. ಜನಿವಾರವನ್ನೂ ತೊಡಿಸಿದರೆಂದು ಪ್ರತೀತಿ. ಎರಡು ಕಡೆಯ ಮಡಿವಂತರೂ ಮುನಿದರು, ಗುರುಶಿಷ್ಯರು ಬೇರಾಗಲಿಲ್ಲ. ಸೋರುವ ಮಾಳಿಗೆ, ತಂಬೂರಿ, ಹೊಸದಾಗಿ ಬಂದ ಗಿರಣಿ ಇಂಥ ದಿನನಿತ್ಯದ ವಸ್ತುಗಳಲ್ಲಿಯೇ ಷರೀಫರು ತತ್ತ್ವವನ್ನು ಕಂಡು ಹಾಡಿದರು.

ಚಿತ್ರದಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಕಾಣಿಸಿಕೊಂಡರು, ಸಂಗೀತ ಸಿ. ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಇದಕ್ಕೆ ಸಂದಿತು. ಭಾವೈಕ್ಯವೆಂಬುದು ಈ ಸೀಮೆಗೆ ಹೊರಗಿನಿಂದ ಬಂದ ಬೋಧನೆಯಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಚಿತ್ರ ಮಾಡಿದ್ದು ಇಷ್ಟೇ: ಇಲ್ಲಿ ಬಾಳಿ ಬಂದ ಸತ್ಯವನ್ನು ಇಲ್ಲಿಯ ನುಡಿಯಲ್ಲಿಯೇ ನಾಡಿಗೆಲ್ಲ ಕೇಳಿಸಿತು. ನಗೆಗೆ ಗುರಿಯಾಗಿದ್ದ ಮಾತು ಜ್ಞಾನಿಯ ಬಾಯಲ್ಲಿ ಕೇಳಿಸಿದಾಗ ಪ್ರೇಕ್ಷಕರು ಮೌನವಾಗಿ ಆಲಿಸಿದರು.

ಶಿವಮ್ಮನ ದನಿ

ಆದರೆ ಸಂತನಲ್ಲದ ಸಾಮಾನ್ಯಳ ಗತಿಯೇನು? ಅದಕ್ಕೆ ಮತ್ತೂ ಮೂರು ದಶಕಗಳು ಬೇಕಾದವು. ಗದಗಿನ ನೆರೆಯ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಜೈಶಂಕರ್ ಆರ್ಯರ್ ಅವರು ‘ಶಿವಮ್ಮ ಯರೇಹಂಚಿನಾಳ’ವನ್ನು ಚಿತ್ರಿಸಿದರು. ಶಿವಮ್ಮ ಶಾಲೆಯಲ್ಲಿ ಅಡುಗೆ ಮಾಡುವವಳು. ಗಂಡ ಪಾರ್ಶ್ವವಾಯು ಹೊಡೆದು ಮಲಗಿದ್ದಾನೆ. ಆರೋಗ್ಯದ ಪುಡಿಯನ್ನು ಮಾರುವ ಸರಪಳಿ ವ್ಯಾಪಾರವನ್ನು ನಂಬಿ ಅವಳು ಕೂಡಿಟ್ಟ ಹಣವನ್ನು ತೊಡಗಿಸುತ್ತಾಳೆ, ಊರವರನ್ನೂ ನಂಬಿಸುತ್ತಾಳೆ. ಆಸೆ ಅವಳನ್ನು ಎಲ್ಲಿಗೆ ಒಯ್ಯುತ್ತದೆಂಬುದೇ ಕಥೆ. ಮುಖ್ಯಪಾತ್ರದ ಶರಣಮ್ಮ ಚೆಟ್ಟಿ ಅವರೂ ಉಳಿದ ಬಹುಪಾಲು ಪಾತ್ರಧಾರಿಗಳೂ ವೃತ್ತಿಯಿಂದ ನಟರಲ್ಲ. ಇಲ್ಲಿ ಮರುಗುವ ಅಧಿಕಾರಿಯಿಲ್ಲ, ಉದ್ಧರಿಸುವ ನಾಯಕನಿಲ್ಲ. ಹೆಣ್ಣೊಬ್ಬಳು ತನ್ನ ಮನೆಯ ಮಾತಿನಲ್ಲಿ ವಾದಿಸುತ್ತಾಳೆ, ಗದರುತ್ತಾಳೆ, ತಪ್ಪುತ್ತಾಳೆ, ಮತ್ತೆ ಎದ್ದು ನಿಲ್ಲುತ್ತಾಳೆ. 2022ರಲ್ಲಿ ಕೊರಿಯಾ ದೇಶದ ಬುಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗಾಗಿ ಆಗ ಇದ್ದ ನ್ಯೂ ಕರೆಂಟ್ಸ್ ಪ್ರಶಸ್ತಿಯನ್ನು ಈ ಚಿತ್ರ ಪಡೆಯಿತು. ನಮ್ಮ ಚಿತ್ರಮಂದಿರಗಳಿಗೆ ಅದು ಬಂದದ್ದು 2024ರ ಜೂನ್‌ನಲ್ಲಿ.

ಬಡವರ ಬಗ್ಗೆ ಚಿತ್ರ ತೆಗೆಯುವುದು ಒಳ್ಳೆಯ ಕೆಲಸವೇ. ಆದರೆ ಬಡವರ ಮಾತಿಗೆ ತೂಕವಿದೆಯೆಂದು ಒಪ್ಪುವುದು ಅದಕ್ಕಿಂತ ದೊಡ್ಡ ಸಾಮಾಜಿಕ ಪ್ರಜ್ಞೆ. ಮೈನಾಳ ಮರಾಠಿಯಿಂದ ಶಿವಮ್ಮನ ಕನ್ನಡದವರೆಗೆ ಎಂಬತ್ತಕ್ಕೂ ಮಿಕ್ಕ ವರ್ಷಗಳ ದಾರಿ. ಪಂಪ ಮೆಚ್ಚಿದ ನುಡಿ ಈಗ ತೆರೆಯ ಮೇಲೆ ತನ್ನ ನೋವನ್ನು ತಾನೇ ಹೇಳತೊಡಗಿದೆ. ಅದು ಇನ್ನೂ ಹೇಳಬೇಕಾದುದು ಬಹಳವಿದೆ: ಗುಳೆ ಹೋಗುವವರ ಮಾತು, ನೇಕಾರರ ಮಾತು, ಹೊಲ ಕಳೆದುಕೊಂಡವರ ಮಾತು. ಆದರೆ ಇಂಥ ಚಿತ್ರ ಬಾಳುವುದು ಪ್ರಶಸ್ತಿಯಿಂದಲ್ಲ, ಪ್ರೇಕ್ಷಕರಿಂದ. ದೂರದ ಕೊರಿಯಾದವರು ಕುಳಿತು ನೋಡಿದ ನಮ್ಮ ಅಕ್ಕತಂಗಿಯರ ಕಥೆಯನ್ನು ಗದಗ, ಲಕ್ಷ್ಮೇಶ್ವರ, ಮುಂಡರಗಿಯ ಜನರೂ ಹಣ ಕೊಟ್ಟು ನೋಡಿದರೆ, ಮುಂದಿನ ಚಿತ್ರಕ್ಕೆ ಇನ್ನು ಮೂವತ್ತು ವರ್ಷ ಕಾಯಬೇಕಾಗಲಾರದು.