‘ಎಷ್ಟು ಬಿಟ್ಟೆ?’ ಅಂತ ಕೇಳಬೇಡಿ

ಏಪ್ರಿಲ್ ಬಂತು ಅಂದ್ರೆ ಇಟ್ಟಮಡುವಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಟಿವಿ ಮ್ಯೂಟ್. ಮಗು ಸಿಇಟಿಗೆ ಓದ್ತಿದೆ. ಅಪ್ಪ-ಅಮ್ಮ ಒಳಕೋಣೆಯಲ್ಲಿ ಮೆಲ್ಲಗೆ ಫೀಸಿನ ಲೆಕ್ಕ ಹಾಕ್ತಾರೆ. ಅದೂ ಮಗುವಿಗೆ ಕೇಳಿಸುತ್ತೆ, ಸ್ವಾಮಿ!

ನಾನೂ ಎಂಜಿನಿಯರಿಂಗ್ ಓದಿದವನೇ. ಬನ್ನಿ, ರ‍್ಯಾಂಕಿನ ಲೆಕ್ಕ ನೋಡೋಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಪಾಲು ಅರ್ಧ ಮಾತ್ರ. ಉಳಿದರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಅಂದ್ಮೇಲೆ ಗೊತ್ತಿಲ್ಲದ ಪ್ರಶ್ನೆಯನ್ನೂ ಖಾಲಿ ಬಿಡೋದು ಬೇಡ.

ಪೇಪರ್ ಕಷ್ಟ ಬಂದ್ರೆ? ಎಲ್ಲರಿಗೂ ಕಷ್ಟವೇ. ರ‍್ಯಾಂಕ್ ಅನ್ನೋದು ಹೋಲಿಕೆ ತಾನೇ? 2024ರಲ್ಲಿ ಪಠ್ಯಕ್ರಮದಾಚೆಯ ಪ್ರಶ್ನೆ ಬಂದು ಗದ್ದಲವಾದಾಗ, ಪರೀಕ್ಷಾ ಪ್ರಾಧಿಕಾರ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿತು. ಅದು ಎಲ್ಲರಿಗೂ ಒಂದೇ ಥರ ಅನ್ವಯಿಸಿತು.

ಬೆಳಿಗ್ಗೆ ಒಂದು ಪೇಪರ್, ಮಧ್ಯಾಹ್ನ ಇನ್ನೊಂದು. ನಡುವೆ ಸಿಗೋ ಆ ಹೊತ್ತಲ್ಲಿ ಗೇಟಿನ ಹತ್ತಿರ ನಿಂತು ‘ಎಷ್ಟು ಬಿಟ್ಟೆ?’ ಅಂತ ಕೇಳಬೇಡಿ. ಮೊಸರನ್ನದ ಡಬ್ಬಿ ಕೈಗೆ ಕೊಡಿ, ಸಾಕು. ಮಗು ನಿದ್ದೆ ಬಿಟ್ಟಿದ್ರೆ, ಮಾತು ನಿಲ್ಲಿಸಿದ್ರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್. ಉಚಿತ, ದಿನವಿಡೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಸೀಟು ಮುಂದಿನ ವರ್ಷವೂ ಸಿಗುತ್ತೆ. ಮಗು?