ಬಾಯಿ ಕ್ಯಾನ್ಸರ್: ಕಣ್ಣಿಗೆ ಕಾಣುವ ರೋಗ, ತಡವಾಗಿ ಬರುವ ರೋಗಿ

ಹೊಟ್ಟೆಯೊಳಗೋ ಶ್ವಾಸಕೋಶದೊಳಗೋ ಅವಿತು ಬೆಳೆಯುವ ಕ್ಯಾನ್ಸರ್ ಪತ್ತೆಗೆ ದುಬಾರಿ ಯಂತ್ರಗಳು ಬೇಕು. ಬಾಯಿಯ ಕ್ಯಾನ್ಸರಿನ ಸುಳಿವು ಹಿಡಿಯಲು ಒಂದು ಟಾರ್ಚು ಹಾಗೂ ಪಳಗಿದ ಕಣ್ಣು ಸಾಕು. ಹೀಗಿದ್ದೂ ನಮ್ಮ ದೇಶದಲ್ಲಿ ಈ ರೋಗಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲೇರುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ.

2022ರ ಜಾಗತಿಕ ಅಂದಾಜಿನಂತೆ ವಿಶ್ವದಲ್ಲಿ ಸುಮಾರು 3.9 ಲಕ್ಷ ಮಂದಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗಲಿತು. ಅವರಲ್ಲಿ 1.43 ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಅದೇ ವರ್ಷ ಇಲ್ಲಿ ಸತ್ತವರು ಸುಮಾರು 80 ಸಾವಿರ. ಭಾರತದ ಪುರುಷರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ರೋಗ ತಲೆದೋರುವ ಜಾಗವೇ ಕಾರಣವನ್ನು ಹೇಳುತ್ತದೆ. ಧೂಮಪಾನ, ಮದ್ಯಪಾನಗಳೇ ಮುಖ್ಯ ಕಾರಣವಾಗಿರುವ ಪಾಶ್ಚಾತ್ಯ ದೇಶಗಳಲ್ಲಿ ನಾಲಿಗೆ ಹಾಗೂ ನಾಲಿಗೆಯ ಕೆಳಭಾಗ ಹೆಚ್ಚಾಗಿ ಬಲಿಯಾಗುತ್ತವೆ. ನಮ್ಮಲ್ಲಿ ಕೆನ್ನೆಯ ಒಳಪದರ ಮತ್ತು ಕೆಳಒಸಡಿನ ನಡುವಣ ಸಂದು ಹೆಚ್ಚಾಗಿ ರೋಗಕ್ಕೀಡಾಗುತ್ತದೆ. ಕವಳ, ಖೈನಿ, ಗುಟ್ಕಾಗಳನ್ನು ಗಂಟೆಗಟ್ಟಲೆ ಒತ್ತರಿಸಿ ಇಡುವುದು ಅಲ್ಲಿಯೇ. ಭಾರತದಲ್ಲಿ 2022ರ ಪ್ರಕರಣಗಳ ಪೈಕಿ ಸುಮಾರು 83 ಸಾವಿರಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ತಂಬಾಕಿನ ಜತೆ ಮದ್ಯವೂ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ.

ಹೊಗೆಸೊಪ್ಪು ಬಿಟ್ಟು ಬರಿಯ ಅಡಿಕೆ ಜಗಿದರೆ ತೊಂದರೆಯಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ವರದಿಯಲ್ಲಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಅಡಿಕೆ ಉತ್ಪಾದನೆಯಲ್ಲಿ ದೇಶಕ್ಕೇ ಮೊದಲಿಗವಾದ ಕರ್ನಾಟಕಕ್ಕೆ ಇದು ಕಹಿ ಸಂಗತಿಯೇ ಸರಿ. ಮಲೆನಾಡಿನ ಎಷ್ಟೋ ಕುಟುಂಬಗಳ ಅನ್ನ ಈ ತೋಟಗಳಲ್ಲಿದೆ. ಆದರೆ ಬೆಳೆಗಾರನ ಸಂಕಷ್ಟಕ್ಕೆ ಪರಿಹಾರ ಹುಡುಕುವುದು ಬೇರೆ, ಪುರಾವೆಯನ್ನು ಅಲ್ಲಗಳೆಯುವುದು ಬೇರೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಭವು ಬಾಯಿಯ ಒಳಚರ್ಮದಡಿ ನಾರಿನಂಥ ಅಂಗಾಂಶವನ್ನು ಅತಿಯಾಗಿ ಬೆಳೆಸುತ್ತದೆ. ಕೆನ್ನೆ ಬಿರುಸಾಗುತ್ತದೆ, ಖಾರ ಸೋಕಿದರೆ ಉರಿಯುತ್ತದೆ, ಬಾಯಿ ತೆರೆಯುವುದು ದಿನೇದಿನೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆಯಲಾಗುವ ಈ ಸ್ಥಿತಿ ಕ್ಯಾನ್ಸರಿನ ಮುನ್ಸೂಚನೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿರಿಸಿ ನೆಟ್ಟಗೆ ಬಾಯೊಳಗೆ ತೂರಿಸಲಾಗದವರು ದಂತವೈದ್ಯರನ್ನು ಕಾಣಬೇಕು. ಚಟ ಬಿಟ್ಟ ಮೇಲೂ ಬಿಗಿತ ಪೂರ್ತಿ ಹೋಗುವುದಿಲ್ಲ. ಹದಿಹರೆಯದಲ್ಲೇ ಪಾನ್ ಮಸಾಲಾ ಹಿಡಿದವರಿಗೆ ಇದು ಜೀವಮಾನದ ಹೊರೆ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ತಯಾರಕರು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಮಾರತೊಡಗಿದರು. ಎರಡನ್ನೂ ಅಂಗೈಯಲ್ಲಿ ಬೆರೆಸುವ ಕೆಲಸವಷ್ಟೇ ಗಿರಾಕಿಯದಾಯಿತು.

ಬದುಕುಳಿಯುವ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ರೋಗದ ಹಂತ. ಅಮೆರಿಕದಲ್ಲಿ ಹುಟ್ಟಿದ ಜಾಗದಲ್ಲೇ ಇರುವಾಗ ರೋಗ ಪತ್ತೆಯಾದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಭಾರತದ 11 ಕ್ಯಾನ್ಸರ್ ನೋಂದಣಿ ಕೇಂದ್ರಗಳ ದಾಖಲೆಯನ್ನಾಧರಿಸಿದ ಅಧ್ಯಯನದಲ್ಲಿ ಎಲ್ಲ ಹಂತಗಳೂ ಸೇರಿ ಈ ಪ್ರಮಾಣ ಶೇ 37ರಷ್ಟು. ಆರಂಭದಲ್ಲಿ ನೋವಿಲ್ಲದಿರುವುದೇ ವಿಳಂಬಕ್ಕೆ ದೊಡ್ಡ ಕಾರಣ. ನೋವಿಲ್ಲದ ಬಿಳಿ ಇಲ್ಲವೇ ಕೆಂಪು ಮಚ್ಚೆಗಾಗಿ ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗುವವರಾರು? ಎರಡು ಮೂರು ವಾರವಾದರೂ ಮಾಯದ ಹುಣ್ಣನ್ನು ಉಷ್ಣವೆಂದು ಕಡೆಗಣಿಸುವುದೂ ಉಂಟು.

ಕೇರಳದ ತಿರುವನಂತಪುರಂ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಆರಂಭವಾದ ಪ್ರಯೋಗವೊಂದು ಇದಕ್ಕೆ ದಾರಿ ತೋರಿಸಿದೆ. ಅವುಗಳ ಪೈಕಿ ಏಳರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತೆರಳಿ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾದದ್ದು 2005ರಲ್ಲಿ ವರದಿಯಾಯಿತು. 30 ವರ್ಷ ಮೀರಿದವರ ಬಾಯಿ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲೇ ನಡೆಸಬೇಕೆಂದು 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಕವಳದ ಅಭ್ಯಾಸವುಳ್ಳವರು ಇದಕ್ಕಾಗಿ ತಮ್ಮೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಬಹುದು.