ನಿಮಗಿದು ಗೊತ್ತೇ? ರೂಪ ಮುಚ್ಚಿಟ್ಟದ್ದನ್ನು ಜೀನೋಮ್ ಬಿಚ್ಚಿಟ್ಟಿತು!

ಸೂಕ್ಷ್ಮದರ್ಶಕದಲ್ಲಿ ಬಹುತೇಕ ಬ್ಯಾಕ್ಟೀರಿಯಾಗಳು ಬರೀ ಗುಂಡು, ಇಲ್ಲವೇ ಕಡ್ಡಿ. ಯಾವುದು ಯಾವ ಕುಲದ್ದೆಂದು ತಿಳಿಯಬೇಕಾದರೆ ಅದರ ಡಿಎನ್‌ಎಯಲ್ಲಿರುವ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲನ್ನು ಓದಬೇಕು. ಕೆಲವು ವೈರಸ್‌ಗಳಲ್ಲಾದರೆ ಆರ್‌ಎನ್‌ಎ. ಈ ಇಡೀ ಸಾಲೇ ಜೀನೋಮ್. ಹಾಗೆ ಓದಿದಾಗ ಹೊರಬಿದ್ದ ಸಂಗತಿಗಳಿವು.

● ಪೂರ್ತಿಯಾಗಿ ಓದಿದ ಮೊದಲ ಜೀನೋಮ್ ಮನುಷ್ಯನದಲ್ಲ, ಬ್ಯಾಕ್ಟೀರಿಯಾದ್ದೂ ಅಲ್ಲ. ಎಂಎಸ್2 ಎಂಬ ವೈರಸ್‌ನದು. 1976ರಲ್ಲಿ ಬೆಲ್ಜಿಯಂನ ವಾಲ್ಟರ್ ಫಿಯರ್ಸ್ ತಂಡ ಅದರ 3,569 ಅಕ್ಷರಗಳನ್ನು ಓದಿ ಮುಗಿಸಿತು. ಬ್ಯಾಕ್ಟೀರಿಯಾದ ಸರದಿ ಬಂದದ್ದು 1995ರಲ್ಲಿ: ಹಿಮೋಫಿಲಸ್ ಇನ್‌ಫ್ಲುಯೆಂಜೆ, ಸುಮಾರು 18 ಲಕ್ಷ ಅಕ್ಷರ.

● ಬ್ಯಾಕ್ಟೀರಿಯಾದ ಕುಲ ಪತ್ತೆಗೆ ಇಡೀ ಜೀನೋಮ್ ಬೇಕಿಲ್ಲ. 16ಎಸ್ ಎಂಬ ಸುಮಾರು 1,500 ಅಕ್ಷರಗಳ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಉಂಟು. ಅದರ ಕೆಲವು ಭಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಇನ್ನು ಕೆಲವು ಒಂದೊಂದರಲ್ಲೂ ಬೇರೆ. ಮೊದಲನೆಯದರ ಜಾಡು ಹಿಡಿದು ಜೀನನ್ನು ಹುಡುಕುತ್ತಾರೆ, ಎರಡನೆಯದನ್ನು ಹೋಲಿಸಿ ಕುಲ ಹೇಳುತ್ತಾರೆ.

● ಇದೇ ಜೀನಿನಿಂದ ಹುಟ್ಟುವ ಆರ್‌ಎನ್‌ಎಯನ್ನು ಹೋಲಿಸುತ್ತಿದ್ದ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, 1977ರಲ್ಲಿ ಜೀವಜಗತ್ತಿನ ಮೂರನೇ ಕವಲನ್ನೇ ಕಂಡರು. ಅಲ್ಲಿಯವರೆಗೆ ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದ, ಮೀಥೇನ್ ಉತ್ಪಾದಿಸುವ ಆ ಜೀವಿಗಳು ಈಗ ಆರ್ಕಿಯಾ.

● 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಕೂಲಿಂಗ್ ಟವರ್ ನೀರಿನ ಅಮೀಬಾದೊಳಗೆ ಒಂದು ದುಂಡನೆಯ ಕಣ ಸಿಕ್ಕಿತು. ಬ್ಯಾಕ್ಟೀರಿಯಾ ಇರಬೇಕೆಂದುಕೊಂಡರು. ಆದರೆ ಎಷ್ಟು ಹುಡುಕಿದರೂ 16ಎಸ್ ಜೀನ್ ಸಿಗಲೊಲ್ಲದು. ಸಿಗುವುದಾದರೂ ಹೇಗೆ? ಅದು ವೈರಸ್! ಗುಟ್ಟು ರಟ್ಟಾಗಲು 2003 ಬರಬೇಕಾಯಿತು. ಮಿಮಿವೈರಸ್ ಎಂದು ಹೆಸರಾದ ಅದರ ಜೀನೋಮ್ ಸುಮಾರು 12 ಲಕ್ಷ ಅಕ್ಷರಗಳದ್ದು. ಕೆಲವು ಬ್ಯಾಕ್ಟೀರಿಯಾಗಳದ್ದಕ್ಕಿಂತಲೂ ದೊಡ್ಡದು.

● ವೈರಸ್‌ಗಳಿಗೆಲ್ಲ ಸಮಾನವಾದ ಒಂದೇ ಒಂದು ಜೀನ್ ಕೂಡ ಇಲ್ಲ. ಆದ್ದರಿಂದ ಮಾದರಿಯಲ್ಲಿರುವ ಸಕಲ ಜೀವಿಗಳ ಡಿಎನ್‌ಎಯನ್ನೂ ಒಟ್ಟಿಗೇ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಬೇರ್ಪಡಿಸುವುದುಂಟು. ಮನುಷ್ಯರ ಕರುಳಿನ ಕ್ರಾಸ್‌ಫೇಜ್ ವೈರಸ್ 2014ರಲ್ಲಿ ಸಿಕ್ಕಿದ್ದು ಹೀಗೆಯೇ. ಮೊದಲು ಜೀನೋಮ್ ಬಂತು; ವೈರಸ್ಸನ್ನು ಆಗಿನ್ನೂ ಯಾರೂ ಕಂಡಿರಲಿಲ್ಲ.

● ಆಮಶಂಕೆ ತರುವ ಶಿಗೆಲ್ಲಾಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರಿದೆ. ಜೀನೋಮ್ ಲೆಕ್ಕದಲ್ಲಿ ಮಾತ್ರ ಅದು ಇ. ಕೊಲೈ ಬಳಗವೇ.

● ರೋಗಿ ಸತ್ತು ಆರೂವರೆ ಶತಮಾನ ಕಳೆದರೂ ರೋಗಾಣುವಿನ ಗುರುತು ಅಳಿಯದು. ಲಂಡನ್ನಿನಲ್ಲಿ 1348-50ರ ಮಹಾಮಾರಿಗೆ ಬಲಿಯಾದವರ ಹಲ್ಲುಗಳಿಂದ ಪ್ಲೇಗ್ ಬ್ಯಾಕ್ಟೀರಿಯಾದ ಜೀನೋಮನ್ನು 2011ರಲ್ಲಿ ಮತ್ತೆ ಜೋಡಿಸಲಾಯಿತು.

● ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. 1990ರ ದಶಕದಲ್ಲಿ ಸೌದಿ ಅರೇಬಿಯಾದ ರೋಗಿಗಳಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಕಾಣಿಸಿಕೊಂಡಿತು. ಜೀನೋಮ್ ಓದಿದರೆ, ಮಲೆನಾಡಿನ ವೈರಸ್‌ನ ತೀರಾ ಹತ್ತಿರದ ಸಂಬಂಧಿ! ಈಗ ಎರಡನ್ನೂ ಒಂದೇ ಪ್ರಭೇದಕ್ಕೆ ಸೇರಿಸುತ್ತಾರೆ.

● ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಪ್ರಕಟವಾದದ್ದು 2021ರ ಡಿಸೆಂಬರ್ 2ರಂದು, ಕರ್ನಾಟಕದಿಂದ. ಕೋವಿಡ್ ಇದೆ ಎಂದದ್ದು ಆರ್‌ಟಿ-ಪಿಸಿಆರ್. ತಳಿ ಓಮಿಕ್ರಾನ್ ಎಂದು ಖಚಿತಪಡಿಸಿದ್ದು ಸೀಕ್ವೆನ್ಸಿಂಗ್, ಅಂದರೆ ಜೀನೋಮಿನ ಅಕ್ಷರಗಳ ಓದು.

● ಈ ಕೆಲಸಕ್ಕೆ ದೊಡ್ಡ ಲ್ಯಾಬೇ ಬೇಕೆಂದಿಲ್ಲ. ಅಂಗೈಯಲ್ಲಿ ಹಿಡಿಯುವ ಮಿನಿಯಾನ್ ಯಂತ್ರದಲ್ಲಿ ಗಗನಯಾತ್ರಿ ಕೇಟ್ ರೂಬಿನ್ಸ್ 2016ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಡಿಎನ್‌ಎ ಓದಿದರು.